ಹೊಳೆಗೆ ಸುರಿಯುವ ಅಳತೆ

"ಹೊಳೆಗೆ ಸುರಿದರೂ ಅಳೆದು ಸುರಿ" ಎಂಬ ಗಾದೆಯನ್ನು ನಮ್ಮ ಹಿರಿಯರು ಲೆಕ್ಕವಿಲ್ಲದೆ ವೆಚ್ಚಮಾಡುವವರನ್ನು ಎಚ್ಚರಿಸುವುದಕ್ಕಾಗಿ ಹೇಳುತ್ತಿದ್ದರು. ಹೊಳೆಯ ಪಾಲಾಗುವ ವಸ್ತು ಹೇಗೂ ಹೋದ ವಸ್ತು. ಅದನ್ನು ಅಳೆಯುವುದರಿಂದ ಬರುವ ಲಾಭವೇನೆಂದು ಕೇಳುವವರಿಗೆ, ವಸ್ತು ಹೋದರೂ ಅಳೆಯುವವನ ವಿವೇಕ ಉಳಿಯುತ್ತದೆ ಎಂಬುದೇ ಆ ಗಾದೆಯ ಉತ್ತರ. ಗಾದೆ ಹುಟ್ಟಿದ ಕಾಲದಲ್ಲಿ ಹೊಳೆಗೆ ಅದರಿಂದ ಬಾಧಕವೂ ಇರಲಿಲ್ಲ, ಸಾಧಕವೂ ಇರಲಿಲ್ಲ. ಸುರಿದವನ ಮನೆಯ ನಷ್ಟವೊಂದೇ ಅಲ್ಲಿನ ವಿಚಾರ. ಈಗ ಕಾಲ ಬೇರೆಯಾಗಿದೆ. ನಾವು ಸುರಿದದ್ದು ಹೊಳೆಗೂ, ಹೊಳೆಯ ಕೆಳದಂಡೆಯಲ್ಲಿ ಕೊಡ ಹಿಡಿದು ನಿಂತವರಿಗೂ ಸೇರುತ್ತದೆ. ಆದಕಾರಣ ಆ ಹಳೆಯ ಮಾತಿಗೆ ಹೊಸದೊಂದು ಅರ್ಥ ಬಂದಿದೆ. ಆ ಅರ್ಥವನ್ನು ಸ್ವಲ್ಪ ವಿಚಾರಮಾಡುವುದು ಈ ಲೇಖನದ ಉದ್ದೇಶ.

ಪ್ರಶ್ನೆಯನ್ನು ಹೀಗೆ ಇಡಬಹುದು. ಒಂದು ಕಾರ್ಖಾನೆ ತನ್ನ ಕೆಲಸಕ್ಕಾಗಿ ನೀರನ್ನು ಬಳಸಿ ಕೆಡಿಸಿತು. ಕೆಟ್ಟ ನೀರನ್ನು ಕಣ್ಣಿಗೆ ಕಾಣದ ಅಣುಜೀವಿಗಳ ವಶಕ್ಕೆ ಒಪ್ಪಿಸಿತು. ಅವು ಅದರಲ್ಲಿದ್ದ ದೋಷವನ್ನು ತೆಗೆದು ಗಾಳಿಗೆ ಬಿಟ್ಟವು. ನೀರು ಸರ್ಕಾರ ವಿಧಿಸಿದ ಮಿತಿಯೊಳಕ್ಕೆ ಬಂದಿತು. ಅಲ್ಲಿಗೆ ಕೆಡಿಸಿದವನ ಋಣ ತೀರಿತೆಂದು ಹೇಳಬಹುದೇ? ಇದು ರಸಾಯನಶಾಸ್ತ್ರದ ಪ್ರಶ್ನೆಯಂತೆ ತೋರಿದರೂ ವಾಸ್ತವವಾಗಿ ಧರ್ಮದ ಪ್ರಶ್ನೆ. ಆದರೆ ಶಾಸ್ತ್ರವನ್ನು ತಿಳಿಯದೆ ಧರ್ಮವನ್ನು ನಿರ್ಣಯಿಸಹೊರಡುವುದು ಕುರುಡನು ದಾರಿ ತೋರಿಸಿದಂತಾಗುವುದರಿಂದ, ಮೊದಲು ಸಂಗತಿಯನ್ನು ತಿಳಿದುಕೊಳ್ಳೋಣ.

ನಾವು ಉಸಿರಾಡುವ ಗಾಳಿಯಲ್ಲಿ ನೂರಕ್ಕೆ 78 ಪಾಲು ಸಾರಜನಕ. ಫ್ರಾನ್ಸಿನ ಲವಾಸಿಯೇ ಪಂಡಿತನು ಇದಕ್ಕೆ ಜೀವವಿಲ್ಲದ್ದು ಎಂಬ ಅರ್ಥದ ಹೆಸರನ್ನಿಟ್ಟನು; ಏಕೆಂದರೆ ಕೇವಲ ಈ ವಾಯುವಿನಲ್ಲಿ ಯಾವ ಪ್ರಾಣಿಯೂ ಬದುಕಲಾರದು. ನಮ್ಮ ಭಾಷೆಯಲ್ಲಿ ಅದಕ್ಕೆ ನಿಂತ ಹೆಸರು ಸಾರವನ್ನು ಹುಟ್ಟಿಸುವುದು ಎಂದು. ಎರಡು ಹೆಸರುಗಳೂ ಸತ್ಯವೇ. ಗಾಳಿಯಲ್ಲಿರುವಾಗ ಅದು ಜಡ. ಮಣ್ಣಿಗಿಳಿದು ಬೇರೆ ಧಾತುಗಳೊಡನೆ ಕೂಡಿದಾಗ ಪೈರಿನ ಹಸುರೂ, ನಮ್ಮ ಮಾಂಸಖಂಡವೂ ಅದರಿಂದಲೇ ಆಗುತ್ತವೆ. ಗಾಳಿಯಿಂದ ಅದನ್ನು ಇಳಿಸಿಕೊಳ್ಳುವ ಶಕ್ತಿ ಮಿಂಚಿಗೂ, ಅವರೆ ತೊಗರಿಗಳ ಬೇರಿನ ಗಂಟಿನಲ್ಲಿ ವಾಸಿಸುವಂಥ ಕೆಲವು ಅಣುಜೀವಿಗಳಿಗೂ ಮಾತ್ರ ಇದ್ದಿತು. 1909ರಲ್ಲಿ ಜರ್ಮನಿಯ ಫ್ರಿಟ್ಸ್ ಹಾಬರನು ಅಧಿಕವಾದ ಒತ್ತಡದಲ್ಲಿಯೂ ಉಷ್ಣದಲ್ಲಿಯೂ ಸಾರಜನಕ ಜಲಜನಕಗಳನ್ನು ಕೂಡಿಸಿ ಅಮೋನಿಯ ಮಾಡಿ ತೋರಿಸಿದನು. ಕಾರ್ಲ್ ಬಾಷನು ಅದನ್ನು ದೊಡ್ಡ ಯಂತ್ರಗಳಿಗೆ ಅಳವಡಿಸಿ 1913ರಲ್ಲಿ ಒಪ್ಪಾವಿನಲ್ಲಿ ಕಾರ್ಖಾನೆಯನ್ನು ನಡೆಯಿಸಿದನು. ಆ ಅಮೋನಿಯದಿಂದ ಗೊಬ್ಬರವೂ ಆಯಿತು, ಯುದ್ಧದ ಸಿಡಿಮದ್ದೂ ಆಯಿತು. ಈ ದಿನ ಲೋಕದ ಜನರಲ್ಲಿ ಹೆಚ್ಚು ಕಡಮೆ ಅರ್ಧದಷ್ಟು ಮಂದಿಯ ಅನ್ನ ಈ ಕೃತಕ ಗೊಬ್ಬರದಿಂದ ಬರುತ್ತಿದೆ ಎಂದು ತಜ್ಞರು ಅಂದಾಜು ಮಾಡಿದ್ದಾರೆ. ಆದಕಾರಣ ಸಾರಜನಕದ ಕಾರ್ಖಾನೆಗಳನ್ನು ಸುಮ್ಮನೆ ನಿಂದಿಸುವುದು ಉಂಡ ಮನೆಗೆ ಎರಡು ಬಗೆದಂತೆ.

ಆದರೆ ಇಳಿಸಿಕೊಂಡ ಸಾರಜನಕವೆಲ್ಲ ಪೈರಿಗೇ ಸೇರುವುದಿಲ್ಲ. ಗೊಬ್ಬರದ ಕಾರ್ಖಾನೆ, ಚರ್ಮ ಹದಮಾಡುವ ಮನೆ, ಕಲ್ಲಿದ್ದಲನ್ನು ಸುಡುವ ಕುಲುಮೆ, ಹಾಲು ಮಾಂಸಗಳನ್ನು ಸಂಸ್ಕರಿಸುವ ಶಾಲೆ, ಇವೆಲ್ಲದರ ಬಚ್ಚಲಲ್ಲಿ ಅದು ಅಮೋನಿಯವಾಗಿ ಹರಿಯುತ್ತದೆ. ಹೊಳೆಯನ್ನು ಸೇರಿದ ಅಮೋನಿಯ ಮೀನಿಗೆ ವಿಷ. ಅದು ನೈಟ್ರೇಟಾಗಿ ಮಾರ್ಪಟ್ಟರೆ ಕೆರೆಯಲ್ಲಿ ಪಾಚಿಗೆ ಗೊಬ್ಬರವಾಗುತ್ತದೆ. ಪಾಚಿ ಬೆಳೆದು ಸತ್ತು ಕೊಳೆಯುವಾಗ ನೀರಿನಲ್ಲಿ ಕರಗಿದ ಆಮ್ಲಜನಕವನ್ನೆಲ್ಲ ಹೀರಿ ಉಳಿದ ಜೀವಿಗಳ ಉಸಿರನ್ನು ಕಟ್ಟುತ್ತದೆ. ಬಾವಿಗೆ ಇಳಿದ ನೈಟ್ರೇಟು ಎಳೆಯ ಕೂಸಿನ ಹೊಟ್ಟೆಯನ್ನು ಸೇರಿದರೆ ರಕ್ತವು ಆಮ್ಲಜನಕವನ್ನು ಹೊರಲಾರದೆ ಮಗುವಿನ ಮೈ ನೀಲಿಗಟ್ಟುವುದುಂಟು. ನಮ್ಮ ದೇಶದಲ್ಲಿ ಕುಡಿಯುವ ನೀರಿಗೆ ಲೀಟರಿಗೆ 45 ಮಿಲಿಗ್ರಾಂ ನೈಟ್ರೇಟು ಎಂಬ ಮಿತಿಯನ್ನು ಇಟ್ಟಿರುವುದು ಈ ಕಾರಣದಿಂದಲೇ.

ಈಗ ನಮ್ಮ ಊಳಿಗದವರ ಪರಿಚಯ. ಮಣ್ಣಿನಲ್ಲಿ ಅಮೋನಿಯ ನೈಟ್ರೇಟಾಗುವುದು ಕೇವಲ ರಾಸಾಯನಿಕ ಕ್ರಿಯೆಯೆಂದು ಬಹುಕಾಲ ಜನ ನಂಬಿದ್ದರು. 1877ರಲ್ಲಿ ಫ್ರಾನ್ಸಿನ ಶ್ಲೇಸಿಂಗ್ ಮತ್ತು ಮುಂಟ್ಸ್ ಎಂಬಿಬ್ಬರು ಒಂದು ಕೊಳವೆಯಲ್ಲಿ ಮರಳನ್ನೂ ಸುಣ್ಣಕಲ್ಲಿನ ಪುಡಿಯನ್ನೂ ತುಂಬಿ ಅದರ ಮೂಲಕ ಚರಂಡಿಯ ನೀರನ್ನು ಮೆಲ್ಲಗೆ ಇಳಿಸಿದರು. ಮೊದಲ ಇಪ್ಪತ್ತು ದಿನ ಏನೂ ಆಗಲಿಲ್ಲ. ಆಮೇಲೆ ಅಮೋನಿಯ ಮಾಯವಾಗಿ ನೈಟ್ರೇಟು ಕಾಣಿಸಿಕೊಂಡಿತು. ಕೊಳವೆಯೊಳಕ್ಕೆ ಕ್ಲೋರೋಫಾರಮಿನ ಆವಿಯನ್ನು ಬಿಟ್ಟಾಗ ಕೆಲಸ ನಿಂತುಹೋಯಿತು. ಮದ್ದಿನಿಂದ ಮೂರ್ಛೆಹೋಗುವುದು ಜೀವವಿದ್ದದ್ದೇ ಹೊರತು ಜಡವಲ್ಲ. 1890ರಲ್ಲಿ ವಿನೋಗ್ರಾಡ್ಸ್ಕಿ ಎಂಬ ರಷ್ಯದ ವಿದ್ವಾಂಸನು ಆ ಜೀವಿಗಳನ್ನು ಪ್ರತ್ಯೇಕಿಸಿ ತೋರಿಸಿದನು. ಅದಕ್ಕೆ ಸ್ವಲ್ಪ ಮುಂಚೆಯೇ ಗೇಯಾನ್ ಮತ್ತು ದ್ಯುಪತಿ ಎಂಬುವರು ನೈಟ್ರೇಟನ್ನು ಒಡೆದು ಸಾರಜನಕವನ್ನು ಗಾಳಿಗೆ ಹಿಂದಿರುಗಿಸುವ ಇನ್ನೊಂದು ಬಗೆಯ ಅಣುಜೀವಿಗಳನ್ನು ಕಂಡಿದ್ದರು. ಮೊದಲನೆಯವಕ್ಕೆ ಗಾಳಿ ಬೇಕು. ಎರಡನೆಯವು ಗಾಳಿಯಿಲ್ಲದೆಡೆ ಕೆಲಸಮಾಡುತ್ತವೆ, ಆದರೆ ಅವಕ್ಕೆ ಇಂಗಾಲದ ಆಹಾರ ಬೇಕು. ಕಾರ್ಖಾನೆಗಳ ಶುದ್ಧೀಕರಣಶಾಲೆಗಳಲ್ಲಿ ನಡೆಯುವುದು ಇಷ್ಟೆ: ಒಂದು ತೊಟ್ಟಿಯಲ್ಲಿ ಗಾಳಿಯೂದಿ ಮೊದಲನೆಯವರಿಂದ ಕೆಲಸ ಮಾಡಿಸುವುದು, ಇನ್ನೊಂದರಲ್ಲಿ ಗಾಳಿಯನ್ನು ನಿಲ್ಲಿಸಿ ಎರಡನೆಯವರಿಂದ ಕೆಲಸ ಮಾಡಿಸುವುದು. 1 ಕಿಲೋ ಅಮೋನಿಯ ಸಾರಜನಕವನ್ನು ನೈಟ್ರೇಟಾಗಿಸಲು ಸುಮಾರು 4.5 ಕಿಲೋ ಆಮ್ಲಜನಕ ಬೇಕಾಗುವುದರಿಂದ ಗಾಳಿಯೂದುವ ಯಂತ್ರಗಳ ವೆಚ್ಚ ಅಲ್ಪವಲ್ಲ.

ಇವೆರಡೂ ಅಲ್ಲದ ಮೂರನೆಯ ಬಗೆಯೊಂದು ಇರಬೇಕೆಂದು 1977ರಲ್ಲಿ ವಿಯೆನ್ನಾದ ಎಂಗಲ್‌ಬರ್ಟ್ ಬ್ರೋಡ ಎಂಬ ರಸಾಯನಶಾಸ್ತ್ರಜ್ಞನು ಕೇವಲ ಶಕ್ತಿಯ ಲೆಕ್ಕದಿಂದ ಊಹಿಸಿದನು. ಗಾಳಿಯಿಲ್ಲದೆಡೆಯಲ್ಲಿಯೇ ಅಮೋನಿಯವನ್ನು ಸಾರಜನಕವಾಗಿಸುವ ಜೀವಿ ಲೋಕದಲ್ಲಿ ಇರತಕ್ಕದ್ದೆಂದೂ, ಅದು ಇನ್ನೂ ಕಂಡಿಲ್ಲವೆಂದೂ ಅವನು ಬರೆದನು. ಅದು ಕಾಣಿಸಿದ್ದು ಯಾವ ಪ್ರಖ್ಯಾತ ಪ್ರಯೋಗಮಂದಿರದ ಗಾಜಿನ ಪಾತ್ರೆಯಲ್ಲಿಯೂ ಅಲ್ಲ. ಹಾಲೆಂಡಿನ ಡೆಲ್ಫ್ಟ್ ನಗರದಲ್ಲಿ ಯೀಸ್ಟು ತಯಾರಿಸುವ ಕಾರ್ಖಾನೆಯೊಂದರ ಕೊಳೆನೀರಿನ ತೊಟ್ಟಿಯಲ್ಲಿ. ಅಲ್ಲಿ ಅಮೋನಿಯ ಲೆಕ್ಕಕ್ಕೆ ಸಿಕ್ಕದಂತೆ ಮಾಯವಾಗುತ್ತಿದ್ದುದನ್ನು ಆರ್ನಾಲ್ಡ್ ಮುಲ್ಡರ್ ಎಂಬಾತನು ಗಮನಿಸಿದನು. 1995ರಲ್ಲಿ ಆ ಸಂಗತಿ ಪ್ರಕಟವಾಯಿತು. 1999ರಲ್ಲಿ ಆ ಜೀವಿಯ ಕುಲವೂ ಗೊತ್ತಾಯಿತು. ಲೆಕ್ಕ ಕೂಡಿಬರಲಿಲ್ಲವೆಂದು ಒಬ್ಬನು ಸುಮ್ಮನಾಗದೆ ಉಳಿದುದರಿಂದ ಆದ ಲಾಭವಿದು. ಅನಮಾಕ್ಸ್ ಎಂದು ಹೆಸರು ಪಡೆದ ಈ ಕ್ರಮದಲ್ಲಿ ಆಮ್ಲಜನಕದ ವೆಚ್ಚ ನೂರಕ್ಕೆ 60ರಷ್ಟು ಕಡಮೆಯಾಗುತ್ತದೆ. ಹೊರಗಿನಿಂದ ಇಂಗಾಲವನ್ನು ಉಣಿಸಬೇಕಾಗಿಲ್ಲ. 2002ರಲ್ಲಿ ರಾಟರ್‌ಡಾಮಿನಲ್ಲಿ ಮೊದಲ ದೊಡ್ಡ ತೊಟ್ಟಿ ಸಿದ್ಧವಾಯಿತು. ಅನಂತರ ಚರ್ಮದ ಕಾರ್ಖಾನೆ, ಆಲೂಗೆಡ್ಡೆಯ ಕಾರ್ಖಾನೆಗಳಿಗೂ ಅದು ಹಬ್ಬಿತು.

ಸಂಗತಿ ಇದಾದರೆ, ಇನ್ನು ವಿಚಾರ. ಪೂರ್ವಪಕ್ಷದವರು ಹೇಳುವುದು ಹೀಗೆ: "ಅಣುಜೀವಿಗಳಿಗೆ ಅಮೋನಿಯ ಕೊಳೆಯಲ್ಲ, ಆಹಾರ. ನಾವು ಅವುಗಳನ್ನು ಹಿಂಸಿಸುತ್ತಿಲ್ಲ, ಅನ್ನವಿಕ್ಕುತ್ತಿದ್ದೇವೆ. ನೀರು ಶುದ್ಧವಾಯಿತು, ಸಾರಜನಕ ಬಂದಲ್ಲಿಗೇ ಹೋಯಿತು, ಯಾರಿಗೂ ನಷ್ಟವಿಲ್ಲ. ಇಲ್ಲಿ ಪಾಪವೆಲ್ಲಿ, ಪ್ರಾಯಶ್ಚಿತ್ತವೆಲ್ಲಿ? ಕೆಲಸ ಆಯಿತೋ ಇಲ್ಲವೋ ಎಂಬುದೊಂದೇ ಪ್ರಶ್ನೆ." ಈ ಮಾತಿನಲ್ಲಿ ಬಲವಿಲ್ಲವೆಂದು ನಾನು ಹೇಳಲಾರೆ. ಪಶ್ಚಾತ್ತಾಪದಿಂದ ಅಳುತ್ತ ಕೊಳೆಯನ್ನು ಹೊಳೆಗೆ ಬಿಡುವವನಿಗಿಂತ, ಯಾವ ಭಾವನೆಯೂ ಇಲ್ಲದೆ ಅದನ್ನು ಶುದ್ಧಿಮಾಡುವವನು ಹೊಳೆಯ ಪಾಲಿಗೆ ಮೇಲು. ಆದರೂ ಆ ವಾದದಲ್ಲಿ ಮೂರು ಕಡೆ ಬಿರುಕುಗಳು ನನಗೆ ಕಾಣುತ್ತವೆ.

ಮೊದಲನೆಯದು. ಒಪ್ಪಿಸಿದೊಡನೆ ಭಾರ ಇಳಿಯಿತೆಂಬುದು ಸುಳ್ಳು. ಅನಮಾಕ್ಸಿನ ಜೀವಿ ಇಮ್ಮಡಿಯಾಗಲು ಒಂದೆರಡು ವಾರಗಳು ಬೇಕು. ರಾಟರ್‌ಡಾಮಿನ ತೊಟ್ಟಿ ಪೂರ್ಣವಾಗಿ ಕೆಲಸಕ್ಕೆ ಬರಲು ಮೂರುವರೆ ವರ್ಷ ಹಿಡಿಯಿತು. ಗಾಳಿ ಹೆಚ್ಚಾದರೂ ಅದಕ್ಕೆ ಆಗದು. ಒಂದು ರಾತ್ರಿ ಯಾರೋ ತಿಳಿಯದೆ ವಿಷದ್ರವವನ್ನು ಕೊಳವೆಗೆ ಬಿಟ್ಟರೆ ವರ್ಷಗಳ ಪಾಲನೆ ಒಮ್ಮೆಗೇ ಹಾಳು. ಇವು ಕೂಗಿದೊಡನೆ ಬರುವ ಆಳುಗಳಲ್ಲ. ಬೆಳಗಾದರೆ ಮೇವು ನೀರು ಕೇಳುವ ದನಕರುಗಳಂತೆ. ದನವನ್ನು ಕಟ್ಟಿದವನು ತಾನೂ ಅದಕ್ಕೆ ಕಟ್ಟುಬಿದ್ದಿರುತ್ತಾನೆ.

ಕೆಲವು ವರ್ಷಗಳ ಹಿಂದೆ ಸ್ನೇಹಿತರೊಬ್ಬರೊಡನೆ ಒಂದು ಕಾರ್ಖಾನೆಯನ್ನು ನೋಡಲು ಹೋಗಿದ್ದೆ. ಅದರ ಹೆಸರು ಇಲ್ಲಿ ಬೇಡ. ಶುದ್ಧೀಕರಣದ ತೊಟ್ಟಿಗಳು ಸುಣ್ಣಬಣ್ಣಗಳಿಂದ ಅಚ್ಚುಕಟ್ಟಾಗಿದ್ದುವು; ಗಾಳಿಯಂತ್ರಗಳು ಗಟ್ಟಿಯಾಗಿ ಸದ್ದುಮಾಡುತ್ತಿದ್ದುವು. ನಾವು ಬೀಳ್ಕೊಂಡು ಹೊರಬಾಗಿಲನ್ನು ದಾಟುವಷ್ಟರಲ್ಲಿ ಆ ಸದ್ದು ನಿಂತಿತು. ಮರೆತಿದ್ದ ಕೊಡೆಗಾಗಿ ಹಿಂದಿರುಗಿದಾಗ ತೊಟ್ಟಿಯ ಕಾವಲುಗಾರನು ನಾಚಿಕೆಯಿಂದ, "ಕರೆಂಟಿನ ಖರ್ಚು, ಸ್ವಾಮಿ. ಯಾರಾದರೂ ಬಂದಾಗ ಹಾಕು ಎಂದು ಮೇಲಿನವರ ಅಪ್ಪಣೆ" ಎಂದನು. ತೊಟ್ಟಿಯ ನೀರು ಆಗಲೇ ಕಪ್ಪಾಗಿ ನಾರುತ್ತಿದ್ದಿತು. ಅಲ್ಲಿ ಯಾವ ಶಾಸ್ತ್ರದ ಕೊರತೆಯೂ ಇರಲಿಲ್ಲ. ಕಾಣದಿದ್ದಾಗಲೂ ಮಾಡಬೇಕೆಂಬ ಬುದ್ಧಿಯೊಂದು ಇರಲಿಲ್ಲ. ಅಣುಜೀವಿಯು ಅಧಿಕಾರಿಯ ಭೇಟಿಯ ದಿನವನ್ನು ತಿಳಿಯದು. ಅದಕ್ಕೆ ದಿನವೂ ಉಸಿರು ಬೇಕು.

ಅಳತೆಯನ್ನು ವಂಚಿಸುವ ಇನ್ನೊಂದು ಉಪಾಯವೂ ಉಂಟು. 1986ರ ಪರಿಸರ ಸಂರಕ್ಷಣಾ ನಿಯಮಗಳ ಪ್ರಕಾರ ಹೊಳೆ ಕೆರೆಗಳಿಗೆ ಬಿಡುವ ನೀರಿನಲ್ಲಿ ಅಮೋನಿಯ ರೂಪದ ಸಾರಜನಕ ಲೀಟರಿಗೆ 50 ಮಿಲಿಗ್ರಾಂ ಮೀರಕೂಡದು. ನೂರು ಮಿಲಿಗ್ರಾಮಿನ ಕೊಳೆನೀರಿಗೆ ಅಷ್ಟೇ ಬಾವಿಯ ನೀರನ್ನು ಬೆರಸಿದರೆ ಲೀಟರಿನ ಲೆಕ್ಕ ಐವತ್ತಾಗುತ್ತದೆ. ಹೊಳೆಗೆ ಸೇರುವ ವಿಷ ಮೊದಲಿನಷ್ಟೇ. ಮೇಲೆ ಒಳ್ಳೆಯ ನೀರೂ ಕೆಟ್ಟಿತು. ನಮ್ಮ ಗಾದೆ ಅಳೆದು ಸುರಿ ಎಂದಿತೇ ಹೊರತು ಅಳತೆಯ ಪಾತ್ರೆಯನ್ನು ದೊಡ್ಡದುಮಾಡಿಕೋ ಎನ್ನಲಿಲ್ಲ.

ಎರಡನೆಯ ಬಿರುಕು ಮಿತವ್ಯಯಕ್ಕೆ ಸಂಬಂಧಪಟ್ಟದ್ದು. ಇದನ್ನು ನಮಗೆ ತಿಳಿಸಿಕೊಟ್ಟವರಲ್ಲಿ ಬೆಂಗಳೂರಿನಲ್ಲಿ ಬಾಳಿದ ಒಬ್ಬ ವಿದ್ವಾಂಸರು ಮುಖ್ಯರು. 1914ರಲ್ಲಿ ಮ್ಯಾಂಚೆಸ್ಟರಿನ ಆರ್ಡರ್ನ್ ಮತ್ತು ಲಾಕೆಟ್ ಎಂಬುವರು ಚರಂಡಿಯ ನೀರಿಗೆ ಗಾಳಿಯೂದಿ, ತಳದಲ್ಲಿ ನಿಂತ ಜೀವಂತವಾದ ಕೆಸರನ್ನು ಮರಳಿ ಮರಳಿ ಉಪಯೋಗಿಸುವ ಕ್ರಮವನ್ನು ಪ್ರಕಟಿಸಿದರು. ಈ ದಿನ ಲೋಕದ ಶುದ್ಧೀಕರಣಶಾಲೆಗಳಲ್ಲಿ ಹೆಚ್ಚಿನವು ಅದರ ಸಂತಾನ. ಆ ಶೋಧನೆಗೆ ಪ್ರೇರಕರಾಗಿದ್ದ ಗಿಲ್ಬರ್ಟ್ ಫೌಲರ್ 1916ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರಕ್ಕೆ ಪ್ರಾಧ್ಯಾಪಕರಾಗಿ ಬಂದರು. 1934ರಲ್ಲಿ ಅವರು ಬರೆದ ಗ್ರಂಥದ ವಿಷಯ ಸಾರಜನಕದ ಸಂರಕ್ಷಣೆ. ತೆಗೆದೆಸೆಯುವುದಲ್ಲ, ಕಾಪಾಡಿಕೊಳ್ಳುವುದು! ಕೊಳೆಯಲ್ಲಿರುವ ಸಾರಜನಕವು ಹೊಲದ ಸೊತ್ತೆಂದೂ ಅದನ್ನು ಹೊಲಕ್ಕೆ ಮುಟ್ಟಿಸುವುದು ರಸಾಯನಶಾಸ್ತ್ರದ ಕರ್ತವ್ಯವೆಂದೂ ಅವರ ಮತ.

ಈ ದೃಷ್ಟಿಯಿಂದ ನೋಡಿದರೆ ನಾವು ಮಾಡುತ್ತಿರುವುದು ವಿಚಿತ್ರವಾಗಿ ಕಾಣುತ್ತದೆ. ಒಂದು ಊರಿನಲ್ಲಿ ಲೋಕದ ಶಕ್ತಿವ್ಯಯದ ನೂರರಲ್ಲಿ ಒಂದೆರಡು ಪಾಲನ್ನು ನುಂಗುವ ಉದ್ಯಮದ ಯಂತ್ರವೊಂದು ಗಾಳಿಯಿಂದ ಸಾರಜನಕವನ್ನು ಕಿತ್ತು ಅಮೋನಿಯ ಮಾಡುತ್ತದೆ. ಇನ್ನೊಂದು ಊರಿನಲ್ಲಿ ಬೇರೊಂದು ಯಂತ್ರ ವಿದ್ಯುಚ್ಛಕ್ತಿಯನ್ನು ಸುಟ್ಟು ಅದೇ ಅಮೋನಿಯವನ್ನು ಗಾಳಿಗೆ ಕಳುಹಿಸುತ್ತದೆ. ನಡುವೆ ನೈಟ್ರಸ್ ಆಕ್ಸೈಡೆಂಬ ವಾಯು ಸೋರಿದರೆ, ಅದು ಇಂಗಾಲದ ಡೈ ಆಕ್ಸೈಡಿಗಿಂತ ತೂಕಕ್ಕೆ ತೂಕ ಸುಮಾರು 270 ಮಡಿ ಭೂಮಿಯನ್ನು ಕಾಯಿಸುತ್ತದೆ. ಬಂದಲ್ಲಿಗೇ ಹೋಯಿತು, ನಷ್ಟವಿಲ್ಲ ಎಂಬ ಮಾತು ನಿಲ್ಲುವುದಿಲ್ಲ. ನಮ್ಮ ಅಜ್ಜಿಯ ಮನೆಯಲ್ಲಿ ಬಚ್ಚಲ ನೀರು ಹಿತ್ತಿಲ ಬಾಳೆಯ ಬುಡಕ್ಕೆ ಹೋಗುತ್ತಿದ್ದಿತು, ಕೊಟ್ಟಿಗೆಯ ಗಂಜಲ ತಿಪ್ಪೆಗೆ. ಅಲ್ಲಿಯೂ ಅಣುಜೀವಿಗಳೇ ದುಡಿಯುತ್ತಿದ್ದುವು. ಆದರೆ ದುಡಿಮೆಯ ಫಲ ಬಾಳೆಯ ಗೊನೆಯಾಗಿ ಕೈಗೆ ಬರುತ್ತಿದ್ದಿತು. ಕಾರ್ಖಾನೆಯ ನೀರೆಲ್ಲ ಬಾಳೆಗೆ ಯೋಗ್ಯವೆಂದು ನಾನು ಹೇಳುವುದಿಲ್ಲ. ಚರ್ಮದ ಮನೆಯ ಕ್ರೋಮಿಯಂ ಕೂಡಿದ ನೀರನ್ನು ಹೊಲಕ್ಕೆ ಬಿಡುವುದು ಧರ್ಮದ ಹೆಸರಿನ ಅಪಚಾರ. ಆದರೆ ಹಾಲಿನ, ಧಾನ್ಯದ, ಸಕ್ಕರೆಯ ಕಾರ್ಖಾನೆಗಳ ನೀರಿನ ವಿಷಯದಲ್ಲಿಯಾದರೂ, ಎಸೆಯುವ ಮುನ್ನ ಹಿಂದಕ್ಕೆ ಪಡೆಯಲು ಸಾಧ್ಯವೇ ಎಂದು ಕೇಳಬೇಡವೇ?

ಮೂರನೆಯ ಬಿರುಕು ಎಲ್ಲಕ್ಕಿಂತ ಆಳವಾದದ್ದು; ಅದನ್ನು ಹೇಳುವಾಗ ನಾವು ವಿದ್ಯಾವಂತರ ಮನೆಯವರು ಸ್ವಲ್ಪ ತಲೆತಗ್ಗಿಸಬೇಕಾಗಿದೆ. ಕೊಳೆಯನ್ನು ಕಾಣದ ಕೈಗಳಿಗೆ ಒಪ್ಪಿಸಿ ನಾವು ಶುದ್ಧರಾದೆವೆಂದುಕೊಳ್ಳುವುದು ಈ ಸಮಾಜಕ್ಕೆ ಹೊಸದಲ್ಲ. ಅಣುಜೀವಿಗಳ ಪರಿಚಯವಾಗುವುದಕ್ಕೆ ಎಷ್ಟೋ ಶತಮಾನ ಮುಂಚೆಯೇ ನಾವು ಆ ಕೆಲಸಕ್ಕೆ ಮನುಷ್ಯರನ್ನು ಗೊತ್ತುಮಾಡಿದ್ದೆವು. ನಮ್ಮ ಮನೆಯ ಮಡಿ ಉಳಿಯಲೆಂದು ಅವರಿಗೆ ಮೈಲಿಗೆಯನ್ನು ಹುಟ್ಟಿನಿಂದಲೇ ಕಟ್ಟಿದ್ದೆವು. ಅವರ ಕಣ್ಮರೆಯ ದುಡಿಮೆಯನ್ನು ಉಂಡು ಅವರ ನೆರಳಿಗೆ ಅಂಜಿದೆವು. 1970ರ ದಶಕದಲ್ಲಿ ಮಂತ್ರಿಗಳಾಗಿದ್ದ ಬಿ. ಬಸವಲಿಂಗಪ್ಪನವರು ನಮ್ಮ ರಾಜ್ಯದಲ್ಲಿ ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದರು. 2013ರಲ್ಲಿ ದೇಶಕ್ಕೆಲ್ಲ ಅನ್ವಯಿಸುವ ಕಾನೂನು, ರಕ್ಷಣೆಯ ಸಲಕರಣೆಗಳಿಲ್ಲದೆ ಮನುಷ್ಯನನ್ನು ಚರಂಡಿಯ ಗುಂಡಿಗೆ ಇಳಿಸುವುದನ್ನು ಅಪರಾಧವೆಂದು ಸಾರಿತು. ಆ ಬಳಿಕವೂ ಕೊಳೆಯ ಗುಂಡಿಯಲ್ಲಿ ವಿಷವಾಯುವಿನಿಂದ ಉಸಿರುಕಟ್ಟಿ ಸತ್ತವರ ವಾರ್ತೆ ನಿಂತಿಲ್ಲ. ಅವುಗಳಲ್ಲಿ ಕೆಲವು ಕಾರ್ಖಾನೆಗಳ ಶುದ್ಧೀಕರಣದ ತೊಟ್ಟಿಗಳು. ಅಣುಜೀವಿಗಳು ನೀರನ್ನು ತೊಳೆಯುತ್ತವೆ. ತೊಟ್ಟಿಯ ತಳದ ಕೆಸರನ್ನು ಎತ್ತಲು ಇಳಿಯುವವನು ಮನುಷ್ಯ.

ಇಲ್ಲಿ ಒಂದು ಆಕ್ಷೇಪಣೆ ಬರಬಹುದು: ಅಣುಜೀವಿಗೆ ನೋವಿಲ್ಲ, ಮಾನಾಪಮಾನವಿಲ್ಲ, ಅದನ್ನೂ ಮನುಷ್ಯನನ್ನೂ ಒಂದೇ ಮಾತಿನಲ್ಲಿ ಹೇಳುವುದು ಉಚಿತವೇ? ಉಚಿತವಲ್ಲ, ಅದನ್ನೇ ನಾನು ಹೇಳಬಂದದ್ದು. ಯಾವ ಮನುಷ್ಯನೂ ಮಾಡಬಾರದ ಕೆಲಸವನ್ನು ಅಪಮಾನವಿಲ್ಲದೆ ಮಾಡುವ ಜೀವಿಯೊಂದು ದೊರೆತಿರುವುದು ನಮ್ಮ ಭಾಗ್ಯ. ಆ ಭಾಗ್ಯವನ್ನು ನಾವು ಪೂರ್ಣವಾಗಿ ಸ್ವೀಕರಿಸುವುದು, ಗುಂಡಿಗೆ ಮನುಷ್ಯನು ಇಳಿಯಬೇಕಾದ ಅಗತ್ಯವೇ ಇಲ್ಲದಂತೆ ಕೊಳವೆ, ಯಂತ್ರ, ಕಟ್ಟಡಗಳನ್ನು ರಚಿಸಿದಾಗ. ಅದಕ್ಕೆ ತಗಲುವ ಹಣವನ್ನು ಉಳಿಸಿ ಬಡವನ ಉಸಿರನ್ನು ಪಣಕ್ಕಿಡುವವನು, ಎಷ್ಟೇ ಸೂಕ್ಷ್ಮವಾದ ವಿಜ್ಞಾನವನ್ನು ಉಪಯೋಗಿಸಿದರೂ, ಹಳೆಯ ಅಧರ್ಮವನ್ನು ಹೊಸ ತೊಟ್ಟಿಯಲ್ಲಿ ಮುಂದುವರಿಸುತ್ತಿದ್ದಾನೆ. ಆತನು ಬಿಡುವ ನೀರು ತಿಳಿಯಾಗಿರಬಹುದು.

ಹಾಗಾದರೆ ಸಿದ್ಧಾಂತವೇನು? ಋಣ ತೀರುವುದು ಮೂರು ಮೆಟ್ಟಿಲುಗಳಲ್ಲಿ ಎಂದು ನನಗೆ ತೋರುತ್ತದೆ. ಕೆಡಿಸದೆ ಇರಲು ಸಾಧ್ಯವಿದ್ದಷ್ಟನ್ನು ಕೆಡಿಸದಿರುವುದು ಮೊದಲನೆಯದು. ಕೆಟ್ಟದ್ದರಲ್ಲಿ ಮಣ್ಣಿಗೆ ಸಲ್ಲತಕ್ಕದ್ದನ್ನು ಮಣ್ಣಿಗೆ ಹಿಂದಿರುಗಿಸುವುದು ಎರಡನೆಯದು. ಇವೆರಡೂ ಆಗಿ ಉಳಿದದ್ದನ್ನು ಅಣುಜೀವಿಗಳಿಗೆ ಒಪ್ಪಿಸಿ, ಅವುಗಳ ಯೋಗಕ್ಷೇಮವನ್ನೂ ಅವುಗಳ ಬಳಿ ದುಡಿಯುವವರ ಪ್ರಾಣವನ್ನೂ ದಿನದಿನವೂ ಕಾಯುವುದು ಮೂರನೆಯದು. ಮೊದಲೆರಡನ್ನು ಬಿಟ್ಟು ಮೂರನೆಯದಕ್ಕೇ ಹಾರುವವನು ಸಾಲಮಾಡಿ ದಾನಕೊಟ್ಟವನಂತೆ. ದಾನ ಸುಳ್ಳಲ್ಲ, ಆದರೆ ಸಾಲ ಹಾಗೆಯೇ ಇದೆ. ಮೂರನೆಯದನ್ನೂ ಮಾಡದೆ ಪರೀಕ್ಷಕನು ಬಂದಾಗ ಮಾತ್ರ ಯಂತ್ರ ತಿರುಗಿಸುವವನ ವಿಷಯದಲ್ಲಿ ಧರ್ಮಜಿಜ್ಞಾಸೆಯ ಅಗತ್ಯವಿಲ್ಲ. ಅದು ದಂಡನೀತಿಯ ಕೆಲಸ.

ಇದೆಲ್ಲವೂ ಕಾರ್ಖಾನೆಯವರಿಗೆ ಹೇಳಿದ ಮಾತೆಂದು ಓದುಗರು ಪತ್ರಿಕೆಯನ್ನು ಮಡಿಸಿಡಬಾರದು. ಆ ಕಾರ್ಖಾನೆಗಳು ಯಾರಿಗಾಗಿ ನಡೆಯುತ್ತಿವೆ? ನಮ್ಮ ಕಾಲಿನ ಪಾದರಕ್ಷೆ, ನಮ್ಮ ತಟ್ಟೆಯ ಅನ್ನ, ನಮ್ಮ ಲೋಟದ ಹಾಲು ಇವುಗಳ ಬಚ್ಚಲೇ ಅವರ ಕೊಳವೆಯಲ್ಲಿ ಹರಿಯುತ್ತಿರುವುದು. ಗಾಳಿಯಂತ್ರದ ವೆಚ್ಚ ಸೇರಿದರೆ ಸರಕಿನ ಬೆಲೆ ಕಾಸಿನಷ್ಟು ಏರುತ್ತದೆ. ಆ ಕಾಸನ್ನು ಕೊಡಲು ನಾವು ಸಿದ್ಧರಿದ್ದೇವೆಯೇ, ಅಥವಾ ಅಗ್ಗದ ಅಂಗಡಿಯನ್ನು ಹುಡುಕಿಕೊಂಡು ಹೋಗಿ, ಸಂಜೆ ಹೊಳೆಯ ದಡದಲ್ಲಿ ಮೂಗುಮುಚ್ಚಿಕೊಂಡು ಕಾಲವನ್ನು ಬಯ್ಯುತ್ತೇವೆಯೇ? ಆ ಕಾವಲುಗಾರನು ನಾಚಿದ್ದನು. ಅಪ್ಪಣೆ ಕೊಟ್ಟವರು ಅಲ್ಲಿ ಇರಲಿಲ್ಲ. ಆ ಸರಕನ್ನು ಅಗ್ಗದ ಬೆಲೆಗೆ ಕೊಂಡವರೂ ಇರಲಿಲ್ಲ. ನಾನು ಕೊಡೆಯನ್ನು ತೆಗೆದುಕೊಂಡು ಹೊರಟುಬಂದೆ. ಆ ದಿನ ನನ್ನ ಕಾಲಲ್ಲಿದ್ದ ಜೋಡು ಯಾವ ತೊಟ್ಟಿಯ ಪಕ್ಕದಲ್ಲಿ ಹದವಾಗಿ ಬಂದದ್ದೋ ನಾನು ಅದುವರೆಗೆ ಒಮ್ಮೆಯೂ ಕೇಳಿರಲಿಲ್ಲ.